ಒಂದೂವರೆ ಮಿಲಿಮೀಟರ್

ರುಸ್ತಾವಿಯ ಹಳೆಯ ಉಕ್ಕಿನ ಕಾರ್ಖಾನೆಯ ಗೋಡೆಗೆ
ಬೆನ್ನು ಕೊಟ್ಟು ಕೂತ ನಮ್ಮ ಶೆಡ್ಡಿನಲ್ಲಿ
ದೊಡ್ಡಪ್ಪ ಶಾಕ್ರೋ ಕೈಯನ್ನು ಇನ್ನೂ ಹಾಗೇ ಹಿಡಿಯುತ್ತಾನೆ:
ಮುಷ್ಟಿ ಸಡಿಲ, ಕಿರುಬೆರಳು ಕೆಳಗೆ ಊರಿ,
ಟಾರ್ಚು ಇಲ್ಲದಾಗಲೂ.
ಚಹಾ ಲೋಟ ಎತ್ತುವಾಗ ಕಿರುಬೆರಳು
ಮೇಜಿನ ಮೇಲೆ ಜಾರುತ್ತಿರುತ್ತದೆ,
ಎತ್ತರ ಕಾಯುತ್ತ.

ಮೂವತ್ತೊಂದು ವರ್ಷ ಆ ಬೆರಳೇ ಯಂತ್ರ.
ಈಗ ನಡುಗುತ್ತದೆ.
ಆದ್ದರಿಂದ ನಾನು, ಈ ಮೇಜು,
ಗಡಿಯಾಚೆಯ ತುರ್ಕಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಪ್ಲಾಸ್ಮಾ,
ಮತ್ತು ಹೊಸದಾಗಿ ಕೂರಿಸಿದ ಈ ಬೂದು ಪೆಟ್ಟಿಗೆ.

ಅದಕ್ಕೆ ಕಣ್ಣಿಲ್ಲ. ದೂರವನ್ನು ನೋಡುವುದಿಲ್ಲ,
ಕೇಳಿಸಿಕೊಳ್ಳುತ್ತದೆ, ವೋಲ್ಟಿನಲ್ಲಿ.
ಮೊದಲು ಒಮ್ಮೆ ಇಳಿದು ಉಕ್ಕನ್ನು ಮುಟ್ಟುತ್ತದೆ,
ಕುರುಡಿ ಮೊಮ್ಮಗುವಿನ ಹಣೆ ಮುಟ್ಟುವಷ್ಟು ಮೆಲ್ಲಗೆ.
ಟಕ್. ಇದು ಸೊನ್ನೆ.
ಅಲ್ಲಿಂದ ನಾಲ್ಕು ಮಿಲಿಮೀಟರ್ ಮೇಲೆ,
ತೂತು ಬೀಳುವ ತನಕ, ಕರಗಿದ್ದು ಬಾಯಿಗೆ ಸಿಡಿಯದ ಹಾಗೆ.
ಆಮೇಲೆ ಇಳಿದು ಒಂದೂವರೆಗೆ.
ನೂರಿಪ್ಪತ್ತಾರು ವೋಲ್ಟು.
ದೂರವಾದರೆ ಜ್ವಾಲೆ ಉದ್ದ, ಅಂಕಿ ಏರುತ್ತದೆ, ಅದು ಇಳಿಯುತ್ತದೆ.
ಹತ್ತಿರವಾದರೆ ಅಂಕಿ ಇಳಿಯುತ್ತದೆ, ಅದು ಏರುತ್ತದೆ.
ಅದಕ್ಕೆ ಬರುವ ಭಾಷೆ ಇಷ್ಟೇ.

ತಗಡೋ, ಸುಮ್ಮನೆ ಮಲಗುವ ಜಾತಿಯಲ್ಲ.
ಸುಟ್ಟ ಹಪ್ಪಳದ ಹಾಗೆ ಅಂಚು ಎತ್ತುತ್ತದೆ,
ನಡುವೆ ಉಬ್ಬುತ್ತದೆ, ಮತ್ತೆಲ್ಲೋ ಕುಸಿಯುತ್ತದೆ.
ಟಾರ್ಚು ಅದರ ಮೇಲೆ ತಾಗಿಯೂ ತಾಗದಂತೆ
ಏರಿ ಇಳಿದು ಏರಿ.
ದೊಡ್ಡಪ್ಪ ನೋಡಿದ. ಏನೂ ಹೇಳಲಿಲ್ಲ.
ಕಿರುಬೆರಳನ್ನು ಜೇಬಿಗೆ ಹಾಕಿಕೊಂಡ.

ಮೊದಲ ಗಿರಾಕಿ ಎತೇರಿ. ಗಂಡನ ಗೋರಿಗೆ ಬೇಲಿ ಬೇಕು,
ಒಳಗೆ ಬೆಂಚು, ಪುಟ್ಟ ಮೇಜು,
ಅವನ ಜೊತೆ ಕೂತು ವೈನು ಕುಡಿಯಲಿಕ್ಕೆ.
ಬೇಲಿಯ ತುಂಬ ದ್ರಾಕ್ಷಿ ಎಲೆ, ನಲವತ್ತೆರಡು.
ಎಷ್ಟು ಎತ್ತರ? ಅಂದೆ.
ಮೊಣಕೈ ಮಡಚಿ ತೋರಿಸಿದಳು:
ಆಚೆ ನಿಂತು ಊರುವಷ್ಟು.

ಎಲೆಗೆ ಐದು ತುದಿ. ಮೊದಲ ತುದಿಯಲ್ಲೇ
ಟಾರ್ಚು ಮುಗ್ಗರಿಸಿ ಉಕ್ಕಿಗೆ ಹಣೆ ಚಚ್ಚಿಕೊಂಡಿತು.
ಎರಡನೇ ತುದಿ, ಮತ್ತೆ.
ವೈರು ಬಿಚ್ಚಿದೆ, ಕಟ್ಟಿದೆ, ಪೆಟ್ಟಿಗೆಯನ್ನು ಬೈದೆ.
ಹೊಗೆಯಾಚೆಯಿಂದ ದೊಡ್ಡಪ್ಪ:
"ತಿರುವಿನಲ್ಲಿ ಕೈ ನಿಧಾನವಾಗುತ್ತೆ, ತ್ಸಿಸಾನಾ.
ನಿಧಾನವಾದ ಬೆಂಕಿ ಅಗಲ ತಿನ್ನುತ್ತೆ.
ಎದುರಿನ ಉಕ್ಕು ಹಿಂದೆ ಸರಿದದ್ದನ್ನ ಇದು
ತಾನೇ ದೂರವಾದೆ ಅಂದುಕೊಂಡು ಬೀಳ್ತಾ ಇದೆ.
ಮೂಲೆ ಬಂದಾಗ ಅದರ ಕಿವಿ ಮುಚ್ಚು.
ನಾನು ಉಸಿರು ಕಟ್ಟುತ್ತಿದ್ದೆ."

ಕೈಪಿಡಿಯ ಮೂವತ್ತೆಂಟನೇ ಪುಟದಲ್ಲಿ ಅದೇ ಇತ್ತು,
ಉಸಿರಿನ ಮಾತೊಂದು ಬಿಟ್ಟು.
ವೇಗ ಇಳಿದರೆ ಎತ್ತರ ಅಲ್ಲೇ ನಿಲ್ಲಲಿ ಎಂದು ಬರೆದೆ.
ಎಲೆ ಸುತ್ತಿ ಬಂತು.

ಎಲೆ ಮೂವತ್ತರ ಹೊತ್ತಿಗೆ ಇನ್ನೊಂದು ತಗಾದೆ.
ಅಂಕಿ ನೂರಿಪ್ಪತ್ತಾರೇ, ಕೂದಲೆಳೆ ತಪ್ಪಿಲ್ಲ,
ಆದರೂ ಟಾರ್ಚು ತಗಡನ್ನು ಸವರುವಷ್ಟು ಕೆಳಗೆ.
ಬಿಚ್ಚಿ ನೋಡಿದರೆ ಎಲೆಕ್ಟ್ರೋಡಿನ ನಡುವೆ ಗುಳಿ:
ಒಳಗೆ ಸವೆದದ್ದಕ್ಕೆ ಎಲ್ಲವೂ ದೂರ ಕೇಳಿಸುತ್ತದೆ,
ಅದಕ್ಕೇ ಹತ್ತಿರ ಹೋಗುತ್ತದೆ.
"ನನ್ನ ಹಾಗೆ," ಅಂದ ದೊಡ್ಡಪ್ಪ,
ಎಡಗಿವಿ ಪೂರ್ತಿ ಹೋದವನು,
ನನ್ನ ಮೂಗಿಗೆ ಮೂಗು ತಾಗಿಸಿ, ಬೆಳ್ಳುಳ್ಳಿ ವಾಸನೆಯಲ್ಲಿ.
ಹೊಸದು ಹಾಕುವ ತನಕ ನಾಲ್ಕು ವೋಲ್ಟು ಏರಿಸಿಟ್ಟೆ.

ಎತೇರಿ ಬಂದು ಎಲೆಗಳನ್ನು ಎಣಿಸಿದಳು.
ಮೂಲೆಗೆಸೆದ ಮೊದಲನೆಯದನ್ನೂ ಎತ್ತಿಕೊಂಡಳು,
ಎರಡು ತುದಿ ಕಚ್ಚಿಹೋದದ್ದು.
"ಇದನ್ನೂ ಬೆಸೆಯಿರಿ.
ಅವನ ಬಳ್ಳಿಯಲ್ಲಿ ಹುಳು ತಿನ್ನದ ಎಲೆ
ನಾನು ಕಂಡಿದ್ದೇ ಇಲ್ಲ."

ಅವಳು ಹೋದ ಮೇಲೆ ದೊಡ್ಡಪ್ಪ
ಇನ್ನೂ ಬೆಚ್ಚಗಿದ್ದ ಒಂದು ಎಲೆಯ ಅಂಚಿಗೆ
ಕಿರುಬೆರಳಿಟ್ಟ. ಕಿಟ್ಟ ಹುಡುಕುತ್ತ,
ನಡುಗುತ್ತ, ದಂಡೆಗುಂಟ ಜಾರಿದ.
ತುದಿ ಬಂತು.
ಅವನ ಎದೆ ನಿಂತಿತು.
ಬೆರಳು ತಿರುಗಿತು.
ಆಮೇಲೆ ಉಸಿರು.